ಹಾಲಿನ ಗೆರೆ ದಾಟಿದ ಮೂಳೆಗಳ ಬಗ್ಗೆ

ಇಂದ:
ಹೊನ್ನಕ್ಕ, ಕೂಲಿ ಕೆಲಸ, ಹಳ್ಳಿಮೈಸೂರು ಹೋಬಳಿ, ಹೊಳೆನರಸೀಪುರ ತಾಲ್ಲೂಕು.
(ಹೇಳಿದವಳು ಅವಳು; ಬರೆದವನು ತಾಲ್ಲೂಕು ಕಚೇರಿ ಮುಂದಿನ ಹೊಂಗೆ ಮರದಡಿ ಕೂರುವ ಅರ್ಜಿ ಈಶ್ವರಯ್ಯ.)

ಗೆ:
ಶಾಲಾ ಹಾಲುಪುಡಿ ಹಂಚಿಕೆಯ ಮೇಲಧಿಕಾರಿಗಳವರು, ಹಾಸನ.

ವಿಷಯ: ಹೊನ್ನಕ್ಕನ ಮಗ ಚಲುವಯ್ಯ ಕಚೇರಿಯ ಪೂರ್ವಾನುಮತಿ ಪಡೆಯದೆ ಬೆಳೆದಿರುವ ಬಗ್ಗೆ.

ಉಲ್ಲೇಖ: ೧. ಶಾಲೆಯ ಬಾಗಿಲ ಚೌಕಟ್ಟಿನ ಮೇಲೆ ಸುಣ್ಣದಲ್ಲಿ ಎಳೆದ ಗೆರೆ.
೨. "ಹುಡುಗನ ಮೂಳೆ ಬೆಳೆದಿರುವುದರಿಂದ ಹಾಲಿನ ಉದ್ದೇಶ ಈಡೇರಿದೆ" ಎಂದು ಹೊನ್ನಕ್ಕನ ಮೊದಲ ಅರ್ಜಿಗೆ ತಮ್ಮ ಕಚೇರಿ ಕೊಟ್ಟ ಉತ್ತರ, ೧೯೫೮.

ಮಾನ್ಯರೇ,

೧. ಸದರಿ ಶಾಲೆಯಲ್ಲಿ (ಹೆಸರು ಬರೆದರೆ ಹೆಡ್‌ಮೇಷ್ಟ್ರ ಮರ್ಯಾದೆ ಹೋದೀತೆಂದು ಬಿಟ್ಟಿದೆ) ಬಿಸಿನೀರಿಗೆ ಪುಡಿ ಕಲಸಿ ಹಾಲು ಕೊಡುವ ಪದ್ಧತಿ ಇದೆ. ಗೆರೆಗಿಂತ ಕೆಳಗಿನ ತಲೆಗೆ ಲೋಟ ತುಂಬ ಹಾಲು, ಮೇಲಿನ ತಲೆಗೆ ಬರೀ ಲೋಟ. ಉದ್ದವಾಗಿರುವವರೆಲ್ಲ ಮನೆಯಲ್ಲಿ ಚೆನ್ನಾಗಿ ಉಂಡವರು ಎಂಬುದು ತಮ್ಮ ಕಚೇರಿಯ ಲೆಕ್ಕಾಚಾರ.

೨. ಹೋದ ಯುಗಾದಿ ಹೊತ್ತಿಗೆ ಚಲುವಯ್ಯನಿಗೆ ದನಿ ಒಡೆಯಿತು. ಅಲ್ಲಿಂದಾಚೆ ಹುಡುಗ ಹಿತ್ತಿಲ ಹರಳು ಗಿಡದ ಹಾಗೆ ಬೆಳೆದ. "ಕಾಲು ಸೇದ್ತದೆ ಕಣವ್ವ" ಎಂದು ಗೋಳಾಡಿದ. ಇದು ಸರ್ಕಾರದ ಮೇಲಿನ ಹಟದಿಂದಲ್ಲ, ವಯಸ್ಸಿನ ಕಾರಣದಿಂದ.

೩. ಆದರೆ ಗೆರೆ ಬೆಳೆಯಲಿಲ್ಲ. ಆದ್ದರಿಂದ ಅವನು ಮೊಣಕಾಲು ಬಗ್ಗಿಸಿ ನಿಲ್ಲಲು ಕಲಿತ. ಬೆಳಗಿನ ಗಂಜಿ ಬಿಟ್ಟರೆ ಆ ಲೋಟವೇ ಗತಿಯಾದ ಕಾರಣ ಇದರಲ್ಲಿ ಹೊನ್ನಕ್ಕನ ಕುಮ್ಮಕ್ಕೂ ಇತ್ತು. "ಇನ್ ಬೆಳೀಬ್ಯಾಡ ಕಣ್ಲಾ ಅಂತ ಎತ್ತ ತಾಯಿ ನಾನೇ ಅಂದ್ಬುಟ್ಟೆ ಸಾ. ಯಾವ್ ತಾಯಿ ಬಾಯಲ್ಲಿ ಬತ್ತದೆ ಆ ಮಾತು?" ಎಂದು ಅವಳು ಇಲ್ಲೇ ಮರದಡಿ ಅತ್ತಳು. ಅತ್ತದ್ದನ್ನು ಅರ್ಜಿಯಲ್ಲಿ ಬರೆಯಬಾರದೆಂದು ತಾವು ಹೇಳಬಹುದು. ಬರೆದಾಗಿದೆ.

೪. ಒಂದು ದಿನ ಹೆಡ್‌ಮೇಷ್ಟ್ರು ಬೆತ್ತದಿಂದ ಮೊಣಕಾಲು ತಟ್ಟಿ, "ನೆಟ್ಟಗೆ ನಿಂತ್ಕಳ್ಲಾ, ಸರ್ಕಾರಕ್ಕೇ ಟೋಪಿ ಹಾಕ್ತೀಯಾ?" ಅಂದರು. ಹುಡುಗ ನೆಟ್ಟಗಾದ. ತಲೆ ಗೆರೆ ದಾಟಿತು, ಹಾಲು ನಿಂತಿತು. ಅಂದಿನಿಂದ ಅವನು ಮನೆಯಲ್ಲೂ ಬಗ್ಗಿಯೇ ನಿಲ್ಲುತ್ತಾನೆ. ಕುಳ್ಳಾದರೆ ಹಾಲು ಮತ್ತೆ ಬಂದೀತೆಂಬ ಆಸೆ, ಪಾಪ.

೫. ಆಮೇಲೆ ಗದ್ದೆ ಬದುವಿನಿಂದ ಜಾರಿ ಕೈ ಊರಿದ್ದಷ್ಟೇ, ಮಣಿಕಟ್ಟು ಮುರಿಯಿತು. ದಬ್ಬೆ ಕಟ್ಟಿದ ಡಾಕ್ಟರು, "ಈ ವಯಸ್ಸಲ್ಲಿ ಮೂಳೆ ಮೊದಲು ಉದ್ದಕ್ಕೆ ಓಡುತ್ತೆ, ಗಟ್ಟಿಯಾಗೋದು ನಿಧಾನ. ಹಾಲು, ರಾಗಿ, ಸೊಪ್ಪು ಈಗಲೇ ಬೇಕು ಕಣಮ್ಮ" ಅಂದರು. "ಹಾಲು ಗೆರೆ ತಾವೇ ನಿಂತೋಗ್ಯದೆ ಸಾ" ಅಂದಳು ಹೊನ್ನಕ್ಕ.

೬. ತಮ್ಮ ಉತ್ತರದ ಪ್ರಕಾರ ಮೂಳೆ ಬೆಳೆಯಲಿ ಎಂದೇ ಹಾಲು. ಮೂಳೆ ಬೆಳೆದ ಕಾರಣ ಹಾಲಿಲ್ಲ. ಅಲ್ಲ ಸ್ವಾಮಿ, ಪೈರು ಮೊಣಕಾಲುದ್ದ ಬಂತೆಂದು ತೂಬು ಮುಚ್ಚುವ ನೀರಗಂಟಿಯನ್ನು ನಮ್ಮ ಕಡೆ ಕೆರೆಗೇ ತಳ್ಳುತ್ತಾರೆ.

ಆದ್ದರಿಂದ, ಸದರಿ ಗೆರೆಯನ್ನು ಅಳಿಸಿ ಹುಡುಗನಿಗೆ ಹಾಲು ಕೊಡಿಸಬೇಕು. ಅದು ಕಾನೂನಿಗೆ ಒಗ್ಗದ ಪಕ್ಷದಲ್ಲಿ, ಮುಂದಿನ ಹುಕುಂ ಬರುವವರೆಗೆ ಬೆಳೆಯಕೂಡದೆಂದು ಸದರಿ ಮೂಳೆಗಳಿಗೇ ನೋಟೀಸು ಜಾರಿ ಮಾಡಬೇಕು. ತಾಯಿ ಹೇಳಿದ್ದನ್ನಂತೂ ಅವು ಕೇಳುತ್ತಿಲ್ಲ.

ತಮ್ಮ ವಿಶ್ವಾಸಿ,
ಹೊನ್ನಕ್ಕ (ಎಡಗೈ ಹೆಬ್ಬೆಟ್ಟು)
ಬಿಕಲಂ: ಈಶ್ವರಯ್ಯ

ಲಗತ್ತು:
೧. ಕೈಯಿಂದ ಬಿಚ್ಚಿದ ಬಿದಿರ ದಬ್ಬೆ. (ನೋಡಿ ವಾಪಸು ಕಳಿಸುವುದು. ಮತ್ತೆ ಬೇಕಾಗಬಹುದು.)
೨. ಹುಡುಗನ ಎತ್ತರಕ್ಕೆ ಕತ್ತರಿಸಿದ ದಾರ.

ವಿ.ಸೂ.: ದಾರವನ್ನು ನಂಬಬಾರದು. ಅಳೆಯುವಾಗ ಹುಡುಗ ಮೊಣಕಾಲು ಬಗ್ಗಿಸಿಯೇ ನಿಂತ. "ಇಲ್ಲಿ ಗೆರೆ ಇಲ್ಲ ಕಣಪ್ಪ, ನೆಟ್ಟಗೆ ನಿಂತ್ಕ" ಎಂದು ತಾಯಿ ಬೇಡಿಕೊಂಡರೂ ಕೇಳಲಿಲ್ಲ. ಮಗ ಈಗ ಎಷ್ಟುದ್ದ ಇದ್ದಾನೆಂದು ಹೆತ್ತವಳೇ ನೋಡಿಲ್ಲ. ಕಾರಣ, ಹಾಲಿನ ವಿಚಾರ ತಡವಾದರೂ ಸರಿಯೇ, ನೆಟ್ಟಗೆ ನಿಲ್ಲಬಹುದು ಎಂದು ಅವನ ಹೆಸರಿಗೆ ಮೊಹರು ಒತ್ತಿ ಒಂದು ಸಾಲು ಬರೆದು ಕಳಿಸಬೇಕಾಗಿ ಪ್ರಾರ್ಥನೆ.