ಬಾಯಿಲ್ಲದ ಮೇಜರ್

ಜಮಖಂಡಿಯ ನಾಯಿ ಸ್ಪರ್ಧೆಯ ದಿನ ಬೆಳಿಗ್ಗೆ, ಹೊರಡುವ ಮೊದಲು ಇನ್ನೊಂದೇ ಒಂದು ಸಲ ನಾಯಿಗೆ ತಾಲೀಮು ಮಾಡಿಸಿಬಿಡೋಣ ಎಂದು ಈಶ್ವರನಿಗೆ ಅನ್ನಿಸಬಾರದಿತ್ತು. ಅನ್ನಿಸಿತು. ಕೆಟ್ಟದ್ದೆಲ್ಲ ಇಂಥ ಅತಿ ಶ್ರದ್ಧೆಯಿಂದಲೇ ಆಗುವುದು.

ಈಶ್ವರನದು ರಬಕವಿಯಲ್ಲಿ ಸೀರೆ ಅಂಗಡಿ. ಗಿರಾಕಿಗಳು ಅಂಗಡಿಯ ಸೀರೆಯನ್ನೆಲ್ಲ ಬಿಚ್ಚಿಸಿ, ಚಹಾ ಕುಡಿದು, "ಮತ್ತ ಬರ್ತೇವ್ರಿ" ಎಂದು ಎದ್ದು ಹೋದರೂ ನಗುತ್ತಲೇ ಮಡಚಿಡುವ ಸಾಧು ಮನುಷ್ಯ. ಹೋದ ವರ್ಷ ಇವನ ಫೋನಿನಲ್ಲಿ ಒಂದು ವಿಡಿಯೊ ಬಂತು. ಅದರಲ್ಲಿ ಬಿಳಿ ನಾಯಿಯೊಂದು ತನ್ನ ಹತ್ತು ಪಟ್ಟು ಭಾರ ಎಳೆಯುತ್ತಿತ್ತು, ಗೋಡೆ ಹಾರುತ್ತಿತ್ತು, ಕಳ್ಳನ ವೇಷದವನ ತೋಳು ಹಿಡಿದು ಜೋತಾಡುತ್ತಿತ್ತು. ಕೊನೆಗೆ ಮಾಲೀಕ ಬೆರಳೆತ್ತಿದ ಕೂಡಲೇ ಬಿಟ್ಟು ಕೂತಿತು. ಬೆರಳೆತ್ತಿದರೆ ಮಾತು ಕೇಳುವ ಜೀವವೊಂದು ಭೂಮಿಯ ಮೇಲೆ ಇದೆ ಎಂಬುದೇ ಈಶ್ವರನಿಗೆ ಹೊಸ ಸಂಗತಿ. ಅವನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮುಧೋಳ ಇಲ್ಲೇ ಪಕ್ಕದಲ್ಲಿದೆ. ಬೇಟೆನಾಯಿ ಬೇಕಾದವರು ಎಲ್ಲೆಲ್ಲಿಂದಲೋ ಮುಧೋಳಕ್ಕೆ ಬರುತ್ತಾರೆ. ಈಶ್ವರ ಮಾತ್ರ, ಅಂಗಳದಲ್ಲಿ ಬಾವಿ ಇಟ್ಟುಕೊಂಡು ಬಾಟಲಿ ನೀರು ಕೊಳ್ಳುವವನಂತೆ, ಸಾಂಗ್ಲಿಗೆ ಹೋಗಿ ಬುಲ್ ಟೆರಿಯರ್ ಮರಿ ತಂದ. ಅದಕ್ಕೆ ಮೇಜರ್ ಎಂದು ಹೆಸರಿಟ್ಟ. ಬೆಳ್ಳನೆಯ ಗುಂಡು ಮೈ, ತತ್ತಿಯಂಥ ತಲೆ, ಇದ್ದೂ ಇಲ್ಲದಂಥ ಕಣ್ಣು, ಹಣೆಯಿಂದ ನೇರವಾಗಿ ಇಳಿದ ಉದ್ದನೆಯ ಮೂತಿ. ಓಣಿಯವರು ಮೊದಲ ದಿನ ಬಂದು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಹಂದಿ ಎಷ್ಟಕ್ಕ ತಂದಿಪಾ?"

ಈಶ್ವರ ಹಲ್ಲು ಕಚ್ಚಿ ತರಬೇತಿ ಕೊಟ್ಟ. ಬೆಳಗಾದರೆ ಎದೆಪಟ್ಟಿ ಕಟ್ಟಿ ಟ್ರ್ಯಾಕ್ಟರ್ ಟೈರು ಎಳೆಸುವುದು. ಸಂಜೆ ಗೋಣಿಚೀಲಕ್ಕೆ ಮಗ್ಗದ ಹಾಳು ನೂಲು ತುಂಬಿ ಹೊಲಿದ ದಪ್ಪ ತೋಳು ತೊಟ್ಟು ಕಚ್ಚಿಸಿಕೊಳ್ಳುವುದು. ಎಲ್ಲಕ್ಕಿಂತ ಕಷ್ಟದ್ದು ಸ್ಪರ್ಧೆಯ ಕೊನೆಯ ಪರೀಕ್ಷೆ. ಮಾಲೀಕ ಮರೆಯಲ್ಲಿ ನಿಂತಷ್ಟು ಹೊತ್ತೂ ನಾಯಿ ಮಲಗಿದಲ್ಲೇ ಮಲಗಿರಬೇಕು. ಏಳಬಾರದು, ಬೊಗಳಬಾರದು, ಮಾಲೀಕ ಇಣುಕಿಯೂ ನೋಡಬಾರದು. ಇದಕ್ಕಾಗಿ ಈಶ್ವರ, ಮರಿ ಕುಂಯ್ ಎಂದರೆ ಬೆನ್ನು ತಿರುಗಿಸಿದ, ಸುಮ್ಮನಿದ್ದರೆ ರೊಟ್ಟಿ ಚೂರು ಕೊಟ್ಟ. ಹೆಂಡತಿ, ತಾಯಿ, ಗಿರಾಕಿ ಯಾರನ್ನೂ ಸುಮ್ಮನಿರಿಸಲಾಗದ ಮನುಷ್ಯ ನಾಯಿಯನ್ನು ಎಷ್ಟು ಚೆನ್ನಾಗಿ ಸುಮ್ಮನಿರಿಸಿದನೆಂದರೆ, ಅದರ ಬೊಗಳುವ ದನಿ ಹೇಗಿದೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ತಾಯಿ ಶಿವಗಂಗವ್ವ ಮಾತ್ರ ಒಲಿಯಲಿಲ್ಲ. "ಲಿಂಗಪೂಜಿ ಮಾಡೂ ಮನ್ಯಾಗ ಎದ್ದ ಕೂಡ್ಲೇ ಇದರ ಮಾರಿ ನೋಡಬೇಕೇನು? ಜಮಖಂಡ್ಯಾಗ ಕಪ್ ಗೆದ್ದು ಬಂದ್ರ ಮನ್ಯಾಗ ಇರ್ಲಿ. ಸೋತು ಬಂದಿ, ನಾಳೆ ಸಾಂಗ್ಲಿಗೆ ವಾಪಸ್ ಬಿಟ್ಟು ಬಾ. ಅಂವ ತಗೋತೀನಿ ಅಂದಾನ" ಎಂದು ತೀರ್ಪು ಕೊಟ್ಟಳು. ಮಾರಿದವನಿಗೆ ತಾನೇ ಫೋನು ಮಾಡಿ ಮಾತು ಮುಗಿಸಿದ್ದಳು. ಆ ಮನೆಯಲ್ಲಿ ಶಿವಗಂಗವ್ವನ ಮಾತಿಗೆ ಎದುರಿಲ್ಲ. ಶಿವಗಂಗವ್ವ ಎದುರಾಡದಿರುವುದು ಬಾಡಗಂಡಿಯ ತನ್ನ ತಮ್ಮ ಅಣ್ಣಾಸಾಹೇಬನಿಗೆ ಮಾತ್ರ.

ಈಶ್ವರನಿಗೆ ಆ ನಾಯಿಯ ಮೇಲೆ ಜೀವ. ಅಂಗಡಿ ಮುಚ್ಚಿ ಬಂದಾಗ ಮಾತಾಡದೆ ಕಾಲ ಮೇಲೆ ಗದ್ದವಿಟ್ಟು ಕೂರುವುದು ಅದೊಂದೇ. ಅದು ಹೋಯಿತೆಂದರೆ ತನಗಾಗಿ ಮನೆಯಲ್ಲಿ ಕಾಯುವವರು ಯಾರೂ ಉಳಿಯುವುದಿಲ್ಲ ಎಂದು ಅವನಿಗೆ ಅನ್ನಿಸುತ್ತಿತ್ತು. ಅದಕ್ಕೇ ಈ ಕೊನೆಯ ತಾಲೀಮು.

ಮೇಜರ್‌ನನ್ನು ಬೇವಿನಮರದ ಕೆಳಗೆ ಮಲಗಿಸಿ, ಈಶ್ವರ ನೀರಿನ ಟಾಕಿಯ ಹಿಂದೆ ಹೋಗಿ ಕಣ್ಣು ಮುಚ್ಚಿ ನಿಂತ. ಟ್ರ್ಯಾಕ್ಟರ್ ಬಂದು ನಿಂತ ಸದ್ದು, ಹಂದಿಗಳ ಚೀರಾಟ, ಯಾರೋ ನಗುವುದು ಎಲ್ಲ ಕೇಳಿಸಿತು. ಇಷ್ಟು ಗದ್ದಲಕ್ಕೂ ಮೇಜರ್ ತುಟಿಪಿಟಕ್ಕೆನ್ನಲಿಲ್ಲ. ಈಶ್ವರನ ಎದೆ ಉಬ್ಬಿತು. ಹೊರಗೆ ಬಂದು ನೋಡಿದರೆ ಬೇವಿನಮರ ಇತ್ತು, ನೆರಳಿತ್ತು, ನಾಯಿ ಇರಲಿಲ್ಲ.

ಎದುರುಮನೆಯ ದಾನಮ್ಮ ಕಸಬರಿಗೆ ಹಿಡಿದು ನಿಂತಿದ್ದಳು. "ಹಂದಿ ಹಿಡಿಯಾವ್ರು ಬಂದು ಎತ್ತಿ ಹಾಕ್ಕೊಂಡು ಹೋದ್ರಪಾ. ಸುಮ್ಮನ ಹೋತು ನೋಡು, ಭಾಳ ಶಾಣ್ಯಾ ಐತಿ."

"ಅದು ನಾಯಿ ಅಂತ ನೀವರೆ ಹೇಳಬಾರದೇನ್ರಿ?"

"ತಾಲೀಮ್ ನಡದಾಗ ಯಾರೂ ನಡಬರಕ ಬಾಯಿ ಹಾಕಬ್ಯಾಡ್ರಿ ಅಂತ ನೀನ ಹೇಳಿದ್ಯಲ್ಲೋ!"

ಇಷ್ಟು ದಿನ ಪ್ರತಿಯೊಂದಕ್ಕೂ ಬಾಯಿ ಹಾಕಿದ ದಾನಮ್ಮ ಅವನ ಮಾತನ್ನು ಪಾಲಿಸಿದ್ದು ಅದೊಂದೇ ಸಲ.

ಈಶ್ವರ ಓಡಿದ. ಬಸ್ ಸ್ಟ್ಯಾಂಡ್ ಹತ್ತಿರ ಟ್ರ್ಯಾಕ್ಟರ್ ಸಿಕ್ಕಿತು. ಟ್ರೇಲರಿನ ತುಂಬ ಕರಿಯ ಹಂದಿಗಳು ಮುಗಿಲು ಹರಿಯುವಂತೆ ಕಿರುಚುತ್ತಿದ್ದವು. ನಡುವೆ ಬಲೆಯೊಳಗೆ ಮೇಜರ್, ಮಲಗು ಎಂದಿದ್ದನಲ್ಲ, ಹಾಗೆಯೇ ಮಲಗಿದ್ದ. ಬೇರೆ ಊರಿನಿಂದ ನಗರಸಭೆಯ ಗುತ್ತಿಗೆಯ ಮೇಲೆ ಬಂದಿದ್ದ ಹಂದಿ ಹಿಡಿಯುವವರ ಮುಖ್ಯಸ್ಥ ಮಾಂತೇಶ ಬೀಡಿ ಸೇದುತ್ತ ನಿಂತಿದ್ದ.

"ಅದು ನಾಯಿರೀ ಯಣ್ಣಾ! ಬುಲ್ ಟೆರಿಯರ್!"

"ಎಲ್ಲಾರೂ ಹಿಂಗ ಅಂತಾರ್ರೀ. ನಿನ್ನೆ ಒಬ್ಬಾಂವ ಹಂದಿ ತೋರ್ಸಿ ಕುರಿ ಅಂದ. ನಾಯಿ ಇದ್ರ ಬೊಗಳಸ್ರಿ, ಈಗಿಂದೀಗ ಬಿಡ್ತೇನಿ."

ಮಾತು ನ್ಯಾಯವಾಗಿಯೇ ಇತ್ತು. ಅಷ್ಟರಲ್ಲಿ ಓಣಿಗೆ ಓಣಿಯೇ ಬಂದು ಸುತ್ತುಗಟ್ಟಿತು. ಮುಂದೆ ಗುರುಸಿದ್ದಣ್ಣ. ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದ ಮೇಲೆ ಇಡೀ ಓಣಿಯನ್ನೇ ಸೀಟು ಹಿಡಿದು ಕೂರಿಸುವ, ಎಬ್ಬಿಸುವ ಕೆಲಸ ವಹಿಸಿಕೊಂಡವನು. ಈಶ್ವರ ಅವನ ಕೈ ಹಿಡಿದ. "ಗುರುಸಿದ್ದಣ್ಣಾ, ಹೇಳ್ರಿ ಇವರಿಗೆ, ಇದು ನಾಯಿ ಅಂತ."

ಗುರುಸಿದ್ದಣ್ಣ ಗಂಟಲು ಸರಿಪಡಿಸಿಕೊಂಡ. "ಈಶ್ವರ ನಾಯಿ ಅಂತಾನ, ಅದು ಖರೆ. ಆದ್ರ ಇದು ಬೊಗಳಿದ್ದ ನಾವ್ಯಾರೂ ಕೇಳಿಲ್ಲ. ಸುಳ್ಳ್ಯಾಕ ಹೇಳೂಣು?"

ಹುಟ್ಟಿದಾಗಿನಿಂದ ಒಂದು ನಿಜ ನುಡಿಯದ ಮನುಷ್ಯನಿಗೆ ಆ ದಿನವೇ ಸತ್ಯದ ಹುಚ್ಚು ಹಿಡಿಯಬೇಕಿತ್ತು.

"ಮೇಜರ್, ಬೊಗಳು" ಎಂದ ಈಶ್ವರ. ಮೇಜರ್ ಪ್ರೀತಿಯಿಂದ ನೋಡಿದ. "ಬೊಗಳಪಾ, ನನ್ನಪ್ಪಾ, ಒಂದ ಸಲ." ಮೇಜರ್ ಬಾಯಿ ಇನ್ನಷ್ಟು ಬಿಗಿದುಕೊಂಡ, ಇದೂ ಪರೀಕ್ಷೆಯೇ ಎಂದು ಅವನ ಲೆಕ್ಕ. ಬೇರೆ ದಾರಿ ಕಾಣದೆ ಈಶ್ವರ ಟ್ರೇಲರಿನ ಮುಂದೆ ಮೊಣಕಾಲೂರಿ ತಾನೇ ಬೊಗಳಿ ತೋರಿಸಿದ.

"ಇನ್ನೂ ಜೋರ ಬರ್ಲಿ" ಎಂದಳು ದಾನಮ್ಮ.

"ಹೊಟ್ಟ್ಯಾಗಿಂದ ಬೊಗಳೋ, ಬರೇ ಗಂಟಲಾಗಿಂದ ಏನ್ ಬೊಗಳ್ತಿ?" ಎಂದ ಗುರುಸಿದ್ದಣ್ಣ.

ನಾಲ್ಕು ಜನ ಫೋನು ತೆಗೆದರು. ಹಿಂದಿನ ವಾರ ಮಗಳ ಮದುವೆಗೆ ಸೀರೆ ಕೊಂಡ ಹೆಂಗಸೊಬ್ಬಳು ಬಸ್ಸಿನ ಕಿಟಕಿಯಿಂದ ನೋಡಿ, "ಹೌದಲ್ಲ, ನಮ್ಮ ಸೀರಿ ಸಾವಕಾರ್ರು!" ಎಂದು ಪಕ್ಕದವಳಿಗೆ ತೋರಿಸಿದಳು. ಈಶ್ವರ ಗಂಟಲು ಹರಿಯುವವರೆಗೂ ಬೊಗಳಿದ. ಕೊನೆಗೆ ದನಿ ಹೋಗಿ ಬರೀ ಗಾಳಿ ಉಳಿಯಿತು.

ಮೇಜರ್ ಬೊಗಳಲಿಲ್ಲ. ಆದರೆ ಈಶ್ವರನ ಬೊಗಳುವಿಕೆಯಲ್ಲಿ ಏನು ಅಪಮಾನ ಕಂಡವೋ, ಪೇಟೆಯ ಬೀದಿನಾಯಿಗಳೆಲ್ಲ ಅವನ ಮೇಲೆ ಏರಿ ಬಂದವು. ಅವುಗಳಲ್ಲಿ ಒಂದು ಮುದಿ ನಾಯಿ ಟ್ರೇಲರಿಗೆ ಮುಂಗಾಲು ಹಚ್ಚಿ, ಹಂದಿಗಳನ್ನೆಲ್ಲ ಬಿಟ್ಟು, ಬಲೆಯ ಸಂದಿಯಿಂದ ಮೇಜರ್‌ನ ಹಿಂಭಾಗಕ್ಕೆ ಮೂಗಿಟ್ಟು ಶಾಸ್ತ್ರೋಕ್ತವಾಗಿ ಮೂಸಿ, ಬಾಲ ಅಲ್ಲಾಡಿಸಿತು.

ಮಾಂತೇಶ ಬೀಡಿ ಬಿಸಾಡಿದ. "ಆತು ಬಿಡ್ರಿ. ಜಾತಿಯಾವರು ಗುರ್ತು ಹಿಡದ ಮ್ಯಾಲ ನಂದೇನೈತಿ? ಇಳಿಸ್ಕೋರಿ."

ಹೀಗೆ ರಬಕವಿಯ ಹಿರಿಯರು ಹೇಳಲಾಗದ ಸಾಕ್ಷಿಯನ್ನು ಬೀದಿನಾಯಿ ಹೇಳಿತು. ಈಶ್ವರ ಮೇಜರ್‌ನನ್ನು ಅಪ್ಪಿಕೊಂಡು ಅತ್ತೇ ಬಿಟ್ಟ. ಅಳುವಿಗೂ ಸದ್ದು ಇರಲಿಲ್ಲ.

ಓಣಿಯವರಿಗೆ ಮಾತ್ರ ಈಗ ಹೊಸ ಚಿಂತೆ ಹತ್ತಿತು. "ಜಮಖಂಡ್ಯಾಗೂ ಬೊಗಳಸು ಅಂದ್ರ ಏನ್ ಮಾಡ್ತಿ? ದನೀನೂ ಹೋಗೇತಿ ನಿಂದು. ನಾವೂ ಬರ್ತೇವಿ" ಎಂದು ಗುರುಸಿದ್ದಣ್ಣ ಒಂದು ಟಂಟಂ ರಿಕ್ಷಾ ತರಿಸಿ ಎಲ್ಲರನ್ನೂ ತುಂಬಿಸಿದ. ದಾರಿಯುದ್ದಕ್ಕೂ ಓಣಿಯ ಹಿರಿಯರು ನಾಯಿಯ ಕಿವಿಯಲ್ಲಿ ಸರದಿಯ ಮೇಲೆ ಬೊಗಳಿದರು. "ಅಲ್ಲಿ... ಬೊಗಳಬಾರದ್ರೀ..." ಎಂದು ಈಶ್ವರ ಉಸಿರಿನಲ್ಲಿ ಹೇಳಿದ್ದು ಟಂಟಂ ಸದ್ದಿನಲ್ಲಿ ಅವನಿಗೇ ಕೇಳಿಸಲಿಲ್ಲ.

ಜಮಖಂಡಿಯ ಮೈದಾನದಲ್ಲಿ ಮೇಜರ್ ಕಣ್ಣು ಕುಕ್ಕುವಂತೆ ಆಡಿದ. ಈಶ್ವರ ಎಲ್ಲವನ್ನೂ ಕೈಸನ್ನೆಯಲ್ಲೂ ಕಲಿಸಿದ್ದು ಪುಣ್ಯ. ಮರಳು ಚೀಲ ಹೇರಿದ ಬಂಡಿಯನ್ನು ಮೇಜರ್ ಒಂದೇ ಉಸಿರಿಗೆ ಎಳೆದ. ಹಲಗೆಯ ಗೋಡೆ ಹಾರಿದ. ಕಳ್ಳನ ವೇಷದವನ ತೋಳು ಕಚ್ಚಿ, ಈಶ್ವರ ಬೆರಳೆತ್ತಿದ ಕೂಡಲೇ ಬಿಟ್ಟು ಕೂತ. "ನಿಮ್ದ ಮುಂದ ಐತ್ರಿ. ಕಡೀದೊಂದು ದಾಟಿದ್ರ ಕಪ್ ನಿಮ್ದ" ಎಂದರು ನಿರ್ಣಾಯಕರು.

ಈಶ್ವರ ಮೇಜರ್‌ನನ್ನು ಮಲಗಿಸಿ ಪರದೆಯ ಹಿಂದೆ ಹೋದ. ಇಣುಕುವಂತಿಲ್ಲ. ಮೈಯೆಲ್ಲ ಕಿವಿಯಾಗಿ ನಿಂತ. ಸ್ವಲ್ಪ ಹೊತ್ತಿಗೆ ದಾನಮ್ಮನ ಮಾತು ಕೇಳಿಸಿತು: "ಅಯ್ಯ, ಮತ್ತ ಸುಮ್ಮನ ಬಿದ್ದೈತಲ್ಲ! ಈಶ್ವರನೂ ಕಾಣವಲ್ಲ. ಇವರೂ ಹಂದಿ ಅಂತ ತಿಳ್ಕೊಂಡ್ರ?"

"ಹತ್ರಿ, ಎಲ್ಲಾರೂ ಹತ್ರಿ!" ಎಂದ ಗುರುಸಿದ್ದಣ್ಣ.

ಮತ್ತೆ ಬೊಗಳಾಟ ಶುರುವಾಯಿತು. ಕಂಡಕ್ಟರಿಕೆಯಲ್ಲಿ ಪಳಗಿದ ಗಡಸು ದನಿ ಗುರುಸಿದ್ದಣ್ಣನದು. ಕೀರಲು ದನಿ ದಾನಮ್ಮನದು. ಕೆಮ್ಮು ಬೆರೆತ ಬೊಗಳುವಿಕೆ ಓಣಿಯ ಹಿಟ್ಟಿನ ಗಿರಣಿಯ ಮುದುಕನದು. ಈಶ್ವರ ಒಂದೊಂದನ್ನೂ ಗುರುತು ಹಿಡಿಯುತ್ತ, ಮನಸ್ಸಿನಲ್ಲೇ ಒಬ್ಬೊಬ್ಬರ ಕಾಲಿಗೆ ಬೀಳುತ್ತ ನಿಂತ. ಮೇಜರ್ ಜಗ್ಗಲಿಲ್ಲ. ಇನ್ನೇನು ಸಮಯ ಮುಗಿಯಿತು ಅನ್ನುವಷ್ಟರಲ್ಲಿ ಆ ಗುಂಪಿನೊಳಗೆ ಒಂದು ಹೊಸ ದನಿ ಎದ್ದಿತು. ತುಂಬಿದ, ದುಂಡನೆಯ, ಚೆಂದದ ದನಿ. ಇದು ಯಾರದಪ್ಪ, ನಮ್ಮ ಓಣಿಯದಲ್ಲ ಎಂದು ಈಶ್ವರ ಯೋಚಿಸಿದ. ಯೋಚಿಸುತ್ತಿದ್ದಂತೆಯೇ ಅದು ಮೇಜರ್‌ನದೆಂದು ಹೊಳೆದು, ಪರದೆ ಸರಿಸಿದ.

ಹೊರಗೆ ಬಂದಾಗ ನಿರ್ಣಾಯಕರು ಕೆಂಪು ಬಾವುಟ ಎತ್ತಿದ್ದರು. ಬಂಡಿ ಓಟದಲ್ಲಿ ಗೆದ್ದ ಎತ್ತಿನ ಜೋಡಿಗೆ ಬಾವುಟ ಬೀಸುವುದನ್ನು ನೋಡುತ್ತ ಬೆಳೆದ ಓಣಿಯವರು ಹೋ ಎಂದು ಒಳಗೆ ನುಗ್ಗಿದರು, ಗುಲಾಲು ಎರಚಿದರು, ನಾಯಿ ಸಮೇತ ಈಶ್ವರನನ್ನು ಹೆಗಲ ಮೇಲೆ ಹೊತ್ತರು. "ಬೊಗಳಿದ್ದಕ್ಕ ಔಟ್ ಆತ್ರಿ..." ಎಂದು ಅವನು ತುಟಿ ಆಡಿಸಿದರೆ, "ಖುಷಿಗೆ ಮಾತು ಹೊಂಡವಲ್ದು, ಪಾಪ" ಎಂದು ದಾನಮ್ಮ ಕಣ್ಣೊರೆಸಿಕೊಂಡಳು. ಗುರುಸಿದ್ದಣ್ಣ ಅಲ್ಲೇ ಸ್ಟೇಟಸ್ ಹಾಕಿದ: 'ನಮ್ಮ ಓಣಿಯ ಹೆಮ್ಮೆ, ಪ್ರಥಮ ಸ್ಥಾನ.' ಕಪ್ ಅತ್ತ ಬೇರೆ ಯಾರೋ ತೆಗೆದುಕೊಂಡು ಹೋದರು.

ಮನೆಯ ಮುಂದೆ ಶಿವಗಂಗವ್ವ ಆರತಿ ಹಿಡಿದು ನಿಂತಿದ್ದಳು. ಎಂದೂ ಮುಟ್ಟದವಳು ಮೇಜರ್‌ನ ಹಣೆಗೆ ತಾನೇ ವಿಭೂತಿ ಹಚ್ಚಿದಳು. "ಗೆದ್ದು ಬಂತಲ್ಲ, ಇನ್ನ ಇಲ್ಲೇ ಇರ್ಲಿ" ಎಂದಳು. ಈಶ್ವರ ಬಾಯಿ ತೆರೆದವನು ಮುಚ್ಚಿದ. ಹೇಗೂ ಗಂಟಲು ಕೆಟ್ಟಿದೆ. ಇಡೀ ಓಣಿ ಗೆದ್ದಿತು ಅನ್ನುತ್ತಿರುವಾಗ ತಾನೊಬ್ಬ ಯಾಕೆ ಹಟ ಹಿಡಿಯಬೇಕು? ವರ್ಷದಿಂದ ಹೊತ್ತ ಭಾರ ಇಳಿದಂತಾಗಿ ಕಟ್ಟೆಯ ಮೇಲೆ ಕೂತ. ಮೇಜರ್ ಅವನ ಕಾಲ ಮೇಲೆ ಗದ್ದವಿಟ್ಟ.

ಅಷ್ಟರಲ್ಲಿ ಜೀಪೊಂದು ಬಂದು ನಿಂತಿತು. ಇಳಿದವನು ಬಾಡಗಂಡಿಯ ಅಣ್ಣಾಸಾಹೇಬ, ಈಶ್ವರನ ಸೋದರಮಾವ, ನೂರೆಕರೆ ಕಬ್ಬಿನ ಧಣಿ.

"ಅಕ್ಕಾ, ಸ್ಟೇಟಸ್ ನೋಡಿ ಹಂಗ ಗಾಡಿ ಹತ್ತಿ ಬಂದೆ. ಕಬ್ಬಿನ್ಯಾಗ ಕಾಡಹಂದಿ ಕಾಟ ತಡ್ಯಾಕ ಆಗವಲ್ದು. ಸೋತ ನಾಯಿ ಆಗಿದ್ರ ನಾ ಕೇಳ್ತಿರಲಿಲ್ಲ. ಗೆದ್ದದ್ದೈತಿ, ನಮ್ಮ ಹೊಲಕ್ಕ ಇರ್ಲಿ."

"ಅಯ್ಯ, ಅದಕ್ಕೇನ ಕೇಳ್ತಿ? ತಗೊಂಡು ಹೋಗು ತಮ್ಮಾ" ಎಂದಳು ಶಿವಗಂಗವ್ವ.

ಈಶ್ವರ ದಡಕ್ಕನೆ ಎದ್ದ. ಇದ್ದಬದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ, "ಮಾವಾ, ಇದು ಗೆದ್ದಿಲ್ರಿ... ಸೋತೈತ್ರಿ" ಎಂದ. ದನಿ ಹೋದ ಮೇಲೆ ಮೊದಲ ಸಲ ಅವನ ಮಾತು ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು.

ಶಿವಗಂಗವ್ವ ಆರತಿ ಕೆಳಗಿಟ್ಟಳು. "ಏನಂದಿ? ಸೋತತೇನು? ಹಂಗಿದ್ರ ಸಾಂಗ್ಲ್ಯಾಂವಗ ಫೋನ್ ಹಚ್ಚತೇನಿ. ಖರೆ ಹೇಳು, ಗೆದ್ದತೋ, ಸೋತತೋ?"

ಇಡೀ ಓಣಿ ಅವನ ಬಾಯಿ ನೋಡುತ್ತ ನಿಂತಿತು. ಈಶ್ವರ ಒಂದು ಕ್ಷಣ ಸಾಂಗ್ಲಿಯನ್ನು ನೆನೆದ, ಒಂದು ಕ್ಷಣ ಬಾಡಗಂಡಿಯನ್ನು. ಬಾಡಗಂಡಿಗಾದರೆ ಅಮಾವಾಸ್ಯೆಗೊಮ್ಮೆ ಮಾವನ ಮನೆಗೆಂದು ಹೋಗಿ ಬರಬಹುದು.

"ಗೆದ್ದೈತಿ" ಎಂದ.

"ಮತ್ತ!" ಎಂದ ಗುರುಸಿದ್ದಣ್ಣ. "ನಾವೆಲ್ಲಾ ಕಣ್ಣಾರೆ ನೋಡೇವಿ."

ಈಶ್ವರ ಕೈಸನ್ನೆ ಮಾಡಿದ. ಮೇಜರ್ ಜೀಪಿಗೆ ಹಾರಿ, ಇನ್ನೊಂದು ಸನ್ನೆಗೆ ಮಲಗಿ, ಮಾಲೀಕನ ಮೇಲೆ ಕಣ್ಣಿಟ್ಟ. ಜೀಪು ಓಣಿಯ ತುದಿಯಲ್ಲಿ ತಿರುಗಿ ಮರೆಯಾಯಿತು. ಮರುಕ್ಷಣವೇ ಅತ್ತಲಿಂದ ಮೇಜರ್ ಬೊಗಳುವುದು ಕೇಳಿಸಿತು. ಬಿಟ್ಟೂ ಬಿಡದೆ, ಹೊಟ್ಟೆಯೊಳಗಿನಿಂದ ಬೊಗಳುತ್ತಿದ್ದ.

ಓಣಿಯವರೆಲ್ಲ ಚಪ್ಪಾಳೆ ತಟ್ಟಿದರು.