ಅಜ್ಜನ ಮೂಗಿನ ವಾರಸುದಾರರು

ಅರ್ಧಂಬರ್ಧ ಕಲಿತ ವಿದ್ಯೆಯನ್ನು ಹೊರಗಿನವರಿಗೆ ಬೇಕಾದರೆ ತೋರಿಸಬಹುದು, ಮನೆಯವರಿಗೆ ಮಾತ್ರ ತೋರಿಸಬಾರದು. ಹೊರಗಿನವರು ನೋಡಿ ನಕ್ಕು ಮರೆಯುತ್ತಾರೆ, ಮನೆಯವರು ನಂಬಿಬಿಡುತ್ತಾರೆ. ಹೊಲಿಗೆ ಕಲಿಯಲು ಹೋದ ಹುಡುಗಿಯ ಮುಂದೆ ಓಣಿಯ ಹರಿದ ಲಂಗಗಳೆಲ್ಲ ಬಂದು ಬೀಳುತ್ತವೆ. ರೇಡಿಯೋ ಬಿಚ್ಚಿ ಮುಚ್ಚಿದವನನ್ನು ಪಂಪ್‌ಸೆಟ್ ರಿಪೇರಿಗೆ ತೋಟಕ್ಕೆ ಎಳೆದೊಯ್ಯುತ್ತಾರೆ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಲೋಯರ್ ಪರೀಕ್ಷೆ ಪಾಸು ಮಾಡಿದ್ದೂ ಇಂಥದೇ ಒಂದು ಪೇಚಿಗೆ ದಾರಿಯಾಯಿತು.

ತೊಂಬತ್ತರ ದಶಕದ ಮಾತು. ಹೊಸದುರ್ಗದ ನಮ್ಮ ಶಾಲೆಯಲ್ಲಿ ಡ್ರಾಯಿಂಗ್ ಪಿರಿಯಡ್ಡು ಎಂದರೆ ಪಾಠ ಮುಗಿಯದ ಗಣಿತದವರು ಕೇಳದೆಯೇ ಎತ್ತಿಕೊಂಡು ಹೋಗುವ ಪಿರಿಯಡ್ಡು. ಡ್ರಾಯಿಂಗ್ ಮೇಷ್ಟ್ರು ಜಗಳವಾಡುವ ಜನ ಅಲ್ಲ. ಉಳಿದಷ್ಟು ದಿನ ಮೇಜಿನ ಮೇಲೆ ಒಂದು ಚೊಂಬು, ಅದರ ಪಕ್ಕ ಬದನೆಕಾಯಿ ಇಟ್ಟು, "ಕಣ್ಣಿಗೆ ಕಂಡಿದ್ದಷ್ಟೇ ಬರೀರಿ, ತಲೇಲಿ ಇರೋದು ಬರೀಬ್ಯಾಡ್ರಿ" ಎನ್ನುತ್ತಿದ್ದರು. ಗಂಟೆ ಹೊಡೆದ ಮೇಲೆ ಬದನೆಕಾಯಿ ಅವರ ಚೀಲ ಸೇರುತ್ತಿತ್ತು. ಹೀಗಾಗಿ ನಮ್ಮ ಕಲಾಭ್ಯಾಸವೆಲ್ಲ ಅವರ ಮನೆಯ ಸಾರನ್ನು ಅವಲಂಬಿಸಿತ್ತು. ಒಮ್ಮೆ ಮೇಜಿನ ಮೇಲೆ ದೊಡ್ಡ ಕುಂಬಳಕಾಯಿ ಬಂದು ಕುಳಿತಾಗ, ಮೇಷ್ಟ್ರ ಮನೆಗೆ ನೆಂಟರು ಬಂದಿದ್ದಾರೆಂದು ಇಡೀ ಕ್ಲಾಸಿಗೆ ಗೊತ್ತಾಗಿಹೋಯಿತು.

ನಾನು ಪಾಸಾದ ಸುದ್ದಿ ಕೇಳಿ ಅಜ್ಜಿ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಳು. "ಹಂಗಾರೆ ನಿಮ್ಮಜ್ಜನ್ನ ಬರಿ ಮಗ. ಹಿರಿಯರ ಹಬ್ಬದಾಗೆ ಬರೀ ಗೋಡೆಗೆ ಎಡೆ ಇಟ್ಟು ಇಟ್ಟು ಸಾಕಾಗೈತೆ" ಎಂದಳು. ಅಜ್ಜ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವನದೊಂದೂ ಫೋಟೊ ಇರಲಿಲ್ಲ. ಪ್ರತಿವರ್ಷ ಒಂದು ಹೊಸ ಪಂಚೆ, ಒಂದು ಟವಲ್ ಗೋಡೆಗೆ ಒರಗಿಸಿ, ಅದಕ್ಕೇ ಹೋಳಿಗೆ ತೋರಿಸಿ ಕೈಮುಗಿಯುತ್ತಿದ್ದೆವು.

ಮೇಷ್ಟ್ರನ್ನು ಕೇಳಿದೆ. "ನೋಡದೇ ಇರೋರನ್ನ ಹೆಂಗಮ್ಮ ಬರೀತೀಯ?" ಎಂದು ಸ್ವಲ್ಪ ಹೊತ್ತು ಚೊಂಬನ್ನೇ ದಿಟ್ಟಿಸಿದರು. ಆಮೇಲೆ, "ಮಕ್ಕಳ ಮುಖದಾಗೆ ಅಪ್ಪ ಇದ್ದೇ ಇರ್ತಾನೆ. ಅವರನ್ನ ಎದುರಿಗೆ ಕುಂಡ್ರಿಸ್ಕೊಂಡು ಹುಡುಕು" ಎಂದರು. ಅವರಿಗೆ ನಮ್ಮ ಮನೆಯ ವಿಷಯ ಗೊತ್ತಿರಲಿಲ್ಲ. ಅಜ್ಜನ ಮಕ್ಕಳೆಂದರೆ ನಮ್ಮಪ್ಪ, ದೊಡ್ಡಪ್ಪ ಇಬ್ಬರೇ. ಪಾಲಾದ ಮೇಲೆ ಅಂಗಳದ ನಡುವೆ ಗೋಡೆ ಎದ್ದು, ಅವರಿಬ್ಬರ ನಡುವೆ ಮಾತು ನಿಂತು ವರ್ಷಗಳಾಗಿದ್ದವು.

ಮೊದಲು ಅಪ್ಪನನ್ನು ಕೂರಿಸಿದೆ. ಅಪ್ಪ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಅಂಗಿ ಹಾಕಿ, "ಮೂಗು ಮಾತ್ರ ನಂದೇ ಬರಿ, ಅಚ್ಚು ಅಪ್ಪಂದು" ಎಂದ. ಬರೆದುಕೊಂಡು ಗೋಡೆಯಾಚೆ ಹೋದರೆ ದೊಡ್ಡಪ್ಪ ಹಾಳೆ ನೋಡಿ ಸಿಡುಕಿದರು. "ಇದ್ಯಾವ ಮೂಗೇ? ನಿಮ್ಮಪ್ಪಂದು ನಮ್ಮವ್ವನ ತವರುಮನೆ ಮೂಗು. ನಮ್ಮಪ್ಪನ ಮೂಗು ಇಲ್ಲೈತೆ ನೋಡು" ಎಂದು ತಮ್ಮದನ್ನು ಬೆಳಕಿಗೆ ತಿರುಗಿಸಿದರು. ಅಳಿಸಿ ಬರೆದೆ. ಈಚೆ ಬಂದರೆ ಅಪ್ಪ, "ಹೋಗಿ ಹೇಳು, ಅಪ್ಪಂಗೆ ಮೀಸೆ ಅಷ್ಟು ಜೋತು ಬಿದ್ದಿರಲಿಲ್ಲ ಅಂತ" ಎಂದ. ಹೋಗಿ ಹೇಳಿದೆ. "ಹೋಗಿ ಹೇಳು, ಅವನಿಗೆ ಆಗಿನ್ನೂ ಹಾಲುಹಲ್ಲು ಅಂತ" ಎಂಬ ಉತ್ತರ ಸಿಕ್ಕಿತು. ಅಜ್ಜ ನನ್ನ ಕಂಕುಳಲ್ಲಿ ಗೋಡೆಯ ಆಚೆ ಈಚೆ ಓಡಾಡಿದ. ರಬ್ಬರು ಸವೆದು, ಮೂಗಿನ ಜಾಗದಲ್ಲಿ ಕಾಗದ ತೆಳ್ಳಗಾಗಿ ಬೆಳಕು ಕಾಣತೊಡಗಿತು.

ಒಂದು ಭಾನುವಾರ ದೊಡ್ಡಪ್ಪನಿಗೆ ತಡೆಯಲಾಗಲಿಲ್ಲ. ತಮ್ಮನ ಮಾತು ಕೇಳಿ ನಾನು ಅಜ್ಜನ ಮುಖ ಕೆಡಿಸುತ್ತಿದ್ದೇನೆಂಬ ಅನುಮಾನ. ಸುತ್ತು ಹಾಕಿ ಬೀದಿಯ ಕಡೆಯಿಂದ ಬಂದು ನಮ್ಮ ಜಗಲಿಯ ಮುಂದೆ ನಿಂತರು. ಅಪ್ಪ ಎದ್ದು ನಿಂತ. ಅಮ್ಮ ಒಳಗಿನಿಂದ, "ಕುಂತ್ಕಳ್ರಿ ಭಾವ, ಕಾಫಿ ತರ್ತೀನಿ" ಎಂದಮೇಲೆ ದೊಡ್ಡಪ್ಪ ಕೂತು ಹಾಳೆ ಎತ್ತಿಕೊಂಡರು.

"ಕಿವಿ ಹಿಂಗಿರಲಿಲ್ಲ" ಎಂದು ಹಾಳೆಗೆ ಹೇಳಿದರು.

"ಹಿಂಗೇ ಇತ್ತು" ಎಂದು ಅಪ್ಪ ಕಂಬಕ್ಕೆ ಹೇಳಿದ. "ನೀನು ಕೆರೇಲಿ ಈಜಾಕೆ ಹೋಗಿ ಸಿಕ್ಕಿಬಿದ್ದಾಗ ಅಪ್ಪನ ಕಿವಿ ಎಷ್ಟು ಕೆಂಪಾಗಿತ್ತು!"

"ಕೆಂಪಾಗಿದ್ದು ಅಪ್ಪಂದಲ್ಲ ಕಣೋ, ನಂದು. ಹಿಂಡಿದ್ದ."

ದೊಡ್ಡಪ್ಪ ನಕ್ಕರು. ಅಪ್ಪನೂ ನಕ್ಕ. ಆಮೇಲೆ ಇಬ್ಬರೂ ತಿಂದ ಏಟುಗಳನ್ನೆಲ್ಲ ಜ್ಞಾಪಿಸಿಕೊಳ್ಳುತ್ತಾ ಊಟದ ಹೊತ್ತಿನವರೆಗೂ ಕೂತರು. ನಾನು ಪೆನ್ಸಿಲ್ ಹಿಡಿದುಕೊಂಡೇ ಇದ್ದೆ. ಯಾರಿಗೂ ನನ್ನ ಅಗತ್ಯ ಬೀಳಲಿಲ್ಲ. ಕೊನೆಗೆ ಮೂಗನ್ನು ನನಗೆ ತೋಚಿದಂತೆ ಬರೆದು ಮುಗಿಸಿದೆ. ಅದನ್ನು ಇಬ್ಬರೂ ತಮ್ಮದೇ ಎಂದುಕೊಂಡರು.

ಇನ್ನು ಅಜ್ಜಿ ಒಪ್ಪಬೇಕಿತ್ತು. ಬಾಗಿಲ ಬೆಳಕಿಗೆ ಹಾಳೆ ಹಿಡಿದು ತುಂಬಾ ಹೊತ್ತು ನೋಡಿದಳು. ಮಕ್ಕಳಿಬ್ಬರೂ ಪರೀಕ್ಷೆಗೆ ಕೂತವರಂತೆ ನಿಂತಿದ್ದರು.

"ಯಾರಿವರು?" ಎಂದಳು.

"ಅಪ್ಪ ಕಣವ್ವ!" ಇಬ್ಬರೂ ಒಟ್ಟಿಗೇ ಕೂಗಿದರು.

"ನಿಮ್ಮಪ್ಪ ಇಷ್ಟು ಸಮಾಧಾನವಾಗಿ ಯಾವತ್ತು ಕುಂತಿದ್ದ?" ಎಂದಳು. ಮತ್ತೊಮ್ಮೆ ನೋಡಿ, ಸೆರಗಿನಿಂದ ಹಾಳೆಯ ಧೂಳು ಒರೆಸಿದಳು. "ಇರ್ಲಿ ಬಿಡು. ಸತ್ತ ಮೇಲಾದ್ರೂ ಕುಂತ್ಕಳ್ಳಿ."

ಒಂದು ಚಿತ್ರ, ಎರಡು ಮನೆ. ಅದಕ್ಕೆ ಬಸ್‌ಸ್ಟ್ಯಾಂಡ್ ಹತ್ತಿರದ ಸ್ಟುಡಿಯೋದವರು ನನ್ನ ಹಾಳೆಯನ್ನೇ ಗೋಡೆಗೆ ಅಂಟಿಸಿ ಫೋಟೊ ಹೊಡೆದು, ದೊಡ್ಡದು ಮಾಡಿ, ಹಣೆಗೆ ವಿಭೂತಿ, ತುಟಿಗೆ ತುಸು ಗುಲಾಬಿ ಬಣ್ಣ ಕೊಟ್ಟು ಎರಡು ಪ್ರತಿ ಮಾಡಿಕೊಟ್ಟರು. ಗೋಡೆ ಇದ್ದ ಹಾಗೇ ಇತ್ತು. ಆದರೆ ಆ ವರ್ಷ ಹೋಳಿಗೆಯ ತಟ್ಟೆಗಳು ಅದರ ಮೇಲಿಂದ ಕೈ ಬದಲಾಯಿಸಿದವು.

ಇದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ, ಮದುವೆಯಾಗಿ ಚಿತ್ರದುರ್ಗದಲ್ಲಿದ್ದ ನಾನು ಊರಿಗೆ ಹೋಗಿದ್ದೆ. ದೊಡ್ಡಪ್ಪನ ಮೊಮ್ಮಗಳು ತನ್ನ ಗೆಳತಿಗೆ ಆ ಚಿತ್ರ ತೋರಿಸಿ, "ನಮ್ಮ ಮುತ್ತಜ್ಜ. ಆ ಕಾಲಕ್ಕೇ ಫೋಟೊ ಹೊಡೆಸಿದ್ರಂತೆ!" ಎನ್ನುತ್ತಿದ್ದಳು.

"ಫೋಟೊ ಅಲ್ಲ ಕಣೆ, ಅದು ನಾನು ಬರೆದಿದ್ದು" ಎಂದೆ.

ಹುಡುಗಿ ನನ್ನನ್ನೂ ಚಿತ್ರವನ್ನೂ ಒಮ್ಮೆ ನೋಡಿ, ದೊಡ್ಡವರ ಮನಸ್ಸು ನೋಯಿಸಬಾರದೆಂಬ ಮುಖ ಮಾಡಿದಳು. ಆಮೇಲೆ, "ಹೌದಾ ಅತ್ತೆ? ಹಂಗಾದ್ರೆ ನನ್ನ ಸೈನ್ಸ್ ರೆಕಾರ್ಡಿಗೆ ಒಂದು ಕಪ್ಪೆ ಬರ್ದುಕೊಡು, ಒಳಗಿಂದೆಲ್ಲ ಕಾಣಂಗೆ" ಎಂದು ಪುಸ್ತಕ ತಂದಿಟ್ಟಳು. ಮಧ್ಯಾಹ್ನದ ನಿದ್ದೆ ಬಿಟ್ಟು, ನೆರಳು ಬೆಳಕು ಕೊಟ್ಟು, ಶ್ರದ್ಧೆಯಿಂದ ಬರೆದುಕೊಟ್ಟೆ. ವಾರದ ಮೇಲೆ ಫೋನ್ ಮಾಡಿ ಅವಳ ಟೀಚರು ಏನಂದರೆಂದು ಕೇಳಿದೆ.

"ಕಪ್ಪೆ ಚೆನ್ನಾಗೈತಂತೆ ಅತ್ತೆ," ಎಂದಳು, "ಹೃದಯ ಮಾತ್ರ ಇರೋ ಜಾಗದಾಗಿಲ್ವಂತೆ."