ಮೂರು ಗೋಲಿಗೆ ಪಾವಗಡ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು. ನಾನು ದಿನಚರಿ ಬರೆಯುವವಳು. ದಿನಚರಿ ಬರೆಯುವವರ ನೆನಪನ್ನು ಹೆಚ್ಚು ನಂಬಬಾರದು. ಬರೆದ ಮೇಲೆ ಬರೆದದ್ದೇ ನೆನಪಿರುತ್ತದೆ, ನಡೆದದ್ದು ಎಲ್ಲೋ ಜಾರಿಹೋಗಿರುತ್ತದೆ. ಮಾವನ ಆಟದ ಬ್ಯಾಗು ಕೆಂಪಗಿತ್ತೋ ನೀಲಿಯೋ ಎಂದು ಕೇಳಿದರೆ ತಬ್ಬಿಬ್ಬಾಗುತ್ತೇನೆ. ಆದರೆ ಒಂದು ಮಾತನ್ನು ಮಾತ್ರ ಆಣೆ ಇಟ್ಟು ಹೇಳಬಲ್ಲೆ. ರಸ್ತೆ ತುಂಬಾ ಚೆನ್ನಾಗಿದೆ ಎಂಬ ಕಾರಣಕ್ಕೆ ಬಿಟ್ಟಿ ಸಿಗುವ ಮನೆಯನ್ನು ಬೇಡವೆಂದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ. ಅವನು ನನ್ನ ಸೋದರಮಾವ!

ಮಾವ ಫುಟ್‌ಬಾಲ್ ಆಟಗಾರ. ಭಾನುವಾರ ಹೊಟ್ಟೆ ಕರಗಿಸಲು ಆಡುವವನಲ್ಲ. ಬೆಂಗಳೂರಿನ ಒಂದು ಕ್ಲಬ್ಬಿನಿಂದ ಸಂಬಳ ಪಡೆದು ಆಡುತ್ತಿದ್ದ ಗೋಲ್‌ಕೀಪರ್. ಕಬಡ್ಡಿ, ವಾಲಿಬಾಲು, ಕ್ರಿಕೆಟ್ಟು ಬಿಟ್ಟರೆ ಬೇರೆ ಆಟವಿಲ್ಲದ ಮಧುಗಿರಿಯಿಂದ ಗೋಲ್‌ಕೀಪರ್ ಒಬ್ಬ ಹೊರಡುವುದೆಂದರೆ, ಕೆರೆಯೇ ಇಲ್ಲದ ಊರಿನಿಂದ ಅಂಬಿಗ ಹೊರಟ ಹಾಗೆ. ಅವನ ಜೊತೆಯವರೆಲ್ಲ ಕೇರಳ, ಗೋವಾ, ಮಣಿಪುರದ ಹುಡುಗರು. ಅವರು ಮನೆ ಮಾಡಿದ್ದು ಎಲ್ಲಿ? ಮೈದಾನದ ಸುತ್ತ. ಕ್ಲಬ್ಬು ಎಲ್ಲಿದೆಯೋ ಅದರ ಬಗಲಲ್ಲೇ ಒಂದು ರೂಮು, ರೂಮಿಗೆ ನಾಲ್ಕು ಜನ, ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತಲೇ ಪ್ರಾಕ್ಟೀಸಿಗೆ. ಹೊಟ್ಟೆಪಾಡಿಗೆ ಆಡುವವರು ಎಲ್ಲ ಕಡೆಯೂ ಹಾಗೆಯೇ ಇರುವುದು. ನಮ್ಮ ಮಾವ ಮಾತ್ರ ಮಧುಗಿರಿಯಿಂದ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುತ್ತಿದ್ದ. ಮೊದಲ ಬಸ್ಸು ಹಿಡಿದರೂ ಅವನು ಮೈದಾನ ತಲುಪುವ ಹೊತ್ತಿಗೆ ಉಳಿದವರು ಬೆವರು ಒರೆಸಿಕೊಂಡು ಬಾಳೆಹಣ್ಣು ಸುಲಿಯುತ್ತಿದ್ದರಂತೆ.

ಯಾಕೆ? ಹೆಂಡತಿಯ ಮೇಲಿನ ಪ್ರೀತಿಯೇ, ಊರಿನ ಅಭಿಮಾನವೇ? ಪಿಯುಸಿ ಓದಲು ಅವರ ಮನೆಯಲ್ಲಿದ್ದಾಗ ಒಮ್ಮೆ ಕೇಳಿಯೇಬಿಟ್ಟೆ.

"ದುಃಖಕ್ಕೆ ದಾರಿ ಬೇಕು ಕಣಮ್ಮ," ಅಂದ. "ಸೋತು ಐದು ನಿಮಿಷಕ್ಕೆ ಮನೆ ಸಿಕ್ಬುಟ್ರೆ ಆ ಸೋಲು ತಂದು ಎಲ್ಲಿ ಇಡ್ಲಿ? ಒಲೆ ಮ್ಯಾಲೆ ಇಡ್ಲಾ, ಮಗೀನ ತೊಟ್ಲಾಗೆ ಇಡ್ಲಾ? ದಾರೀಲೇ ಸುರಿದು ಬರಬೇಕು."

"ಅಂದ್ರೆ ಬಸ್ಸಲ್ಲಿ ಅಳ್ತೀಯಾ?"

"ಕಿಟಕಿ ಸೀಟು, ಗಾಳಿ, ಧೂಳು. ಕಣ್ಣಾಗೆ ಯಾಕೆ ನೀರು ಅಂತ ಯಾವ ಕಂಡಕ್ಟರೂ ಕೇಳಾಕಿಲ್ಲ."

ಇದಕ್ಕೆ ಅವನ ಬಳಿ ಒಂದು ಕ್ರಮವೇ ಇತ್ತು. ಒಂದು ಗೋಲಿನಿಂದ ಸೋತರೆ ಹೆದ್ದಾರಿ ಬಿಡುವ ದಾಬಸ್‌ಪೇಟೆಗೆ ಅಳು ಮುಗಿಯಬೇಕು. ಎರಡಾದರೆ ಕೊರಟಗೆರೆವರೆಗೆ ರಿಯಾಯಿತಿ. ಅಲ್ಲಿಂದ ಮುಂದೆ ಮಧುಗಿರಿಯ ಬೆಟ್ಟ ಕಾಣುತ್ತದಲ್ಲ, ಆ ಬೋಳು ಬಂಡೆ ಕಣ್ಣಿಗೆ ಬಿದ್ದ ಮೇಲೆ ಒಂದು ಹನಿಯೂ ಕೂಡದು! ಮೂಗು ಒರೆಸಿಕೊಂಡು, ತಲೆ ಬಾಚಿಕೊಂಡು, ನಗುಮುಖದಿಂದ ಇಳಿಯಬೇಕು. ಮೂರು ಅಥವಾ ಅದಕ್ಕೂ ಹೆಚ್ಚಾದರೆ? ಆಗ ಮಧುಗಿರಿಯಲ್ಲಿ ಇಳಿಯುವುದೇ ಇಲ್ಲ. ಅದೇ ಬಸ್ಸಿನಲ್ಲಿ ಪಾವಗಡದವರೆಗೂ ಹೋಗಿ, ಮಿಕ್ಕಿದ್ದನ್ನು ಅಲ್ಲಿ ಚೆಲ್ಲಿ, ಸಿಕ್ಕ ಬಸ್ಸಿಗೆ ವಾಪಸ್ಸು!

ಅತ್ತೆಯ ತವರು ಸಿರಾ. ಅಲ್ಲಿ ಅವಳಪ್ಪನ ಮನೆಯೊಂದು ಖಾಲಿ ಬಿದ್ದಿತ್ತು. ಬಾಡಿಗೆಯಿಲ್ಲದೆ ಬಂದಿರಿ ಎಂದು ಆತ ಕರೆದಿದ್ದ. ಮಾವ ಹೋಗಿ, ಮನೆ ನೋಡಿ, ಬಾವಿ ನೋಡಿ, ಒಂದು ಸಲ ಸಿರಾದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿಬಂದು, ತಲೆಯಾಡಿಸಿದ. "ಬ್ಯಾಡ. ಅದು ಹೈವೇ. ಬಸ್ಸು ಏರೋಪ್ಲೇನ್ ಆಗ್ತದೆ. ಎರಡನೇ ಗೋಲು ನೆನೆಯೋದ್ರೊಳಗೆ ಸಿರಾ ಬಂದ್ಬುಡ್ತದೆ."

"ನಮ್ಮಪ್ಪ ಮನೆ ಕೊಡ್ತೀನಿ ಅಂದ್ರೆ ರಸ್ತೇಲಿ ಗುಂಡಿ ಇಲ್ಲ ಅಂತ ಬ್ಯಾಡ ಅಂದ ಅಳಿಯ ನೀವೊಬ್ರೇ ಕಣ್ರೀ!" ಎಂದು ಅತ್ತೆ ಹಣೆ ಬಡಿದುಕೊಂಡಳು. ಆಮೇಲೆ ಎಷ್ಟೋ ವರ್ಷ ಮನೆಗೆ ಬಂದವರಿಗೆಲ್ಲ ಕಾಫಿಗಿಂತ ಮೊದಲು ಈ ಕತೆ ಸಿಗುತ್ತಿತ್ತು.

ಪಾವಗಡಕ್ಕೆ ಹೋದ ದಿನ ಮಾವ ಬರಿಗೈಲಿ ಬರುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಬೇಯಿಸಿದ ಕಡ್ಲೆಕಾಯಿ ತರುತ್ತಿದ್ದ. ಹೀಗಾಗಿ ನಮ್ಮ ಮನೆಗೆ ಪೇಪರು ಬೇಕಿರಲಿಲ್ಲ. ಬಾಗಿಲಲ್ಲಿ ಪೊಟ್ಟಣ ಕಂಡರೆ ಅತ್ತೆ ಒಳಗಿನಿಂದಲೇ, "ಮೂರಾ, ನಾಲ್ಕಾ?" ಎನ್ನುತ್ತಿದ್ದಳು. ಅವನು ಎಲ್ಲವನ್ನೂ ದಾರಿಯಲ್ಲಿ ಸುರಿದು ಬಂದಿರುತ್ತಿದ್ದನಲ್ಲ, ಬೆರಳೆತ್ತಿ ತೋರಿಸಿ ನಗುತ್ತಿದ್ದ. ಒಂದು ವರ್ಷವಂತೂ ಪಕ್ಕದ ಮನೆಯವರಿಗೂ ಕಡ್ಲೆಕಾಯಿ ಸಾಕಾಗಿಹೋಗಿತ್ತು. ಆಗ ಅವನ ಮಗಳು ಪುಟ್ಟಿಗೆ ನಾಲ್ಕು ವರ್ಷವಿರಬೇಕು. ಬೆಳಿಗ್ಗೆ ಅಪ್ಪ ಬ್ಯಾಗು ಹೆಗಲಿಗೇರಿಸಿದರೆ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದಳು: "ಅಪ್ಪಾ, ಇವತ್ತೂ ನಾಲ್ಕು ಗೋಲು ಬುಡು!"

ಎಂಥ ಹರಕೆ!

ಆ ವರ್ಷದ ಕೊನೆಗೆ ಕ್ಲಬ್ಬಿನ ಕಾರ್ಯದರ್ಶಿ ಇವನನ್ನು ಕರೆದು, ಮೈದಾನದ ಗೋಡೆಯ ಹಿಂದೆಯೇ ರೂಮು ಕೊಡುತ್ತೇವೆ, ಬಂದು ಇರು, ಇಲ್ಲವೆಂದರೆ ಮುಂದಿನ ವರ್ಷಕ್ಕೆ ಬೇರೆಯವರನ್ನು ನೋಡುತ್ತೇವೆ ಎಂದರಂತೆ. ತಪ್ಪೇನಿಲ್ಲ, ದಿನಾ ಬಾಳೆಹಣ್ಣಿನ ಹೊತ್ತಿಗೆ ಬರುವ ಗೋಲ್‌ಕೀಪರನ್ನು ಯಾರು ಸಹಿಸುತ್ತಾರೆ? ಮಾವ ಹಾಸಿಗೆ ಸುತ್ತಿಕೊಂಡು ಹೋದ. ವಾರವಾಗುವ ಮೊದಲೇ ಅದೇ ಹಾಸಿಗೆ ಸುತ್ತಿಕೊಂಡು ಬಂದ.

"ಕಿಟಕಿ ತೆಗೆದ್ರೆ ಗೋಲ್‌ಪೋಸ್ಟ್ ಕಾಣ್ತದೆ ಕಣೇ," ಎಂದು ಅತ್ತೆಗೆ ಹೇಳಿದ. ನಾನಲ್ಲೇ ಓದುತ್ತ ಕೂತಿದ್ದೆ; ಓದುವ ಹಾಗೆ ನಟಿಸುತ್ತಿದ್ದೆ ಅನ್ನುವುದು ಸರಿ. "ಮಲಗಿದ್ರೂ ಅಲ್ಲೇ ನಿಂತಂಗೆ ಇರ್ತದೆ."

"ಅದಕ್ಕೆ ಕಿಟಕಿ ಮುಚ್ಚಬೇಕು. ಆಟ ಯಾಕ್ರೀ ಬಿಟ್ಟು ಬರಬೇಕು?" ಅಂದಳು ಅತ್ತೆ. ಮಾವ ಹಾಸಿಗೆ ಬಿಚ್ಚತೊಡಗಿದ.

ಕ್ಲಬ್ಬಿನವರು ಲೆಕ್ಕ ಚುಕ್ತಾ ಮಾಡಿದ ದಿನ ಅವನು ಮನೆಗೇ ಬರಲಿಲ್ಲ. ಮಾರನೆಯ ಬೆಳಿಗ್ಗೆ ಪಾವಗಡದ ಕಡೆಯಿಂದ ಬಂದ ಬಸ್ಸಿನಿಂದ ನಗುತ್ತ ಇಳಿದ. ಕೈಯಲ್ಲಿ ಕಡ್ಲೆಕಾಯಿ ಇರಲಿಲ್ಲ, ಧರ್ಮಾವರಂ ಸೀರೆ ಇತ್ತು! ಪಾವಗಡವೂ ಸಾಲದೆ ಆಂಧ್ರಕ್ಕೇ ಹೋಗಿಬಂದಿದ್ದ. ಅತ್ತೆ ಸೀರೆಯ ಮಡಿಕೆ ಬಿಚ್ಚಿ, ಅಂಚು ಸವರಿ, ನನ್ನ ಕಡೆ ತಿರುಗಿ ಅಂದಳು: "ಎಷ್ಟು ಗೋಲಾಯ್ತು ಅಂತ ಕೇಳಾಕೆ ಭಯ ಆಗ್ತೈತೆ ಕಣೇ."

ಆಮೇಲೆ ಮಾವ ಪೇಟೆಯಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟ. ಮಾರಾಟವಾಗುವುದೆಲ್ಲ ಕ್ರಿಕೆಟ್ ಬ್ಯಾಟು. ಗಿರಾಕಿ ಇಲ್ಲದಾಗ ಫೋನಿನಲ್ಲಿ ವಿದೇಶದ ಪಂದ್ಯ ನೋಡುತ್ತಾನೆ. ಪಂದ್ಯ ನೋಡುತ್ತಾನೆಯೇ? ಇಲ್ಲ. ಯಾವ ಆಟಗಾರ ಎಲ್ಲಿ ಮನೆ ಮಾಡಿದ್ದಾನೆ, ಕ್ಲಬ್ಬಿಗೂ ಮನೆಗೂ ಎಷ್ಟು ದೂರ ಎಂದು ಹುಡುಕುತ್ತಾನೆ! ಲೋಕದ ಸಮಸ್ತ ಆಟಗಾರರನ್ನೂ ಅವನು ನಮ್ಮ ನಾಲ್ಕು ತಾಲ್ಲೂಕುಗಳಿಗೆ ಹಂಚಿಬಿಟ್ಟಿದ್ದಾನೆ. ದೂರವಿದ್ದರೂ ದೊಡ್ಡ ಕಾರಿನಲ್ಲಿ ಗಾಳಿಯಂತೆ ಮನೆ ಸೇರುವವರು ಸಿರಾದವರು. ಪಾಪ, ಅವರಿಗೆ ಸಮಯ ಸಾಲುವುದಿಲ್ಲ. ಊರಾಚೆ ಮರಗಿಡದ ನಡುವೆ ಇರುವವರು ಕೊರಟಗೆರೆಯವರು. ಬೇರೆ ಊರಿನಲ್ಲೇ ಸಂಸಾರ ಇಟ್ಟು ರೈಲಿನಲ್ಲಿ ಓಡಾಡುವ ಅಪರೂಪದ ಜ್ಞಾನಿಗಳು ಮಧುಗಿರಿಯವರು. ಸಂಸಾರವನ್ನು ಸಮುದ್ರದಾಚೆ ಬಿಟ್ಟು ಬಂದವರು ಪಾವಗಡದವರು.

"ನೋಡಮ್ಮ, ಕೋಟಿಗಟ್ಟಲೆ ದುಡಿಯೋನೂ ಮೈದಾನದ ಪಕ್ಕ ಮಲಗಾಕಿಲ್ಲ."

"ಮಾವ, ಅವರು ಮಕ್ಕಳ ಸ್ಕೂಲು, ವಿಮಾನ ನಿಲ್ದಾಣ, ಹೆಂಡತಿಗೆ ಇಷ್ಟವಾಗೋ ಬೀದಿ, ಇದನ್ನೆಲ್ಲ ನೋಡಿ ಮನೆ ಮಾಡ್ತಾರೆ."

"ಅದು ಪೇಪರಿನೋರಿಗೆ ಹೇಳೋ ಕಾರಣ," ಎಂದು ನನ್ನ ಎಂ.ಎ.ಯನ್ನು ಒಂದೇ ಮಾತಿಗೆ ಮುಗಿಸಿದ.

ಪುಟ್ಟಿ ಹೈಸ್ಕೂಲಿನಲ್ಲಿದ್ದಾಗ ಅತ್ತೆ ತೀರಿಕೊಂಡಳು. ಆಸ್ಪತ್ರೆಯಲ್ಲಲ್ಲ, ಮನೆಯ ನಡುಮನೆಯಲ್ಲೇ, ಮಧ್ಯಾಹ್ನದ ಹೊತ್ತು, ಮಾವ ನೀರು ಕುಡಿಸುತ್ತಿದ್ದಾಗ. ಧರ್ಮಾವರಂ ಸೀರೆ ಉಡಿಸಿಯೇ ಕಳಿಸಿದೆವು ಎಂದು ನನ್ನ ನೆನಪು. ಅಲ್ಲ, ಅದು ಹಸಿರು ಸೀರೆ ಎಂದು ನನ್ನ ಅಮ್ಮ ವಾದಿಸುತ್ತಾಳೆ. ಇಬ್ಬರಿಗೂ ನೆನಪಿರುವುದೆಂದರೆ, ಮಾವ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದ. ಸಿರಾದಿಂದ ಬಂದ ಅತ್ತೆಯ ವಯಸ್ಸಾದ ಅಪ್ಪನನ್ನು ತೋಳು ಹಿಡಿದು ಕೂರಿಸಿದ. ಎಲ್ಲರೂ ಹೋದ ಮೇಲೆ ತನ್ನ ಅಕ್ಕನಿಗೆ, ಅಂದರೆ ನನ್ನ ಅಮ್ಮನಿಗೆ, "ಅಕ್ಕಾ, ಇದು ಮನೆಯೊಳಗೇ ಆಗೋಯ್ತಲ್ಲ," ಅಂದ. ಅಮ್ಮನಿಗೆ ಅರ್ಥವಾಗಲಿಲ್ಲ. ನನಗೆ ಆಯಿತು ಅಂದುಕೊಂಡಿದ್ದೇನೆ.

ಹೋದ ವರ್ಷ ಪುಟ್ಟಿಗೆ ಬೆಂಗಳೂರಿನ ಒಂದು ಹೆಣ್ಣುಮಕ್ಕಳ ಕ್ಲಬ್ಬಿನಿಂದ ಕರೆ ಬಂತು. ಅವಳೂ ಗೋಲ್‌ಕೀಪರ್! ಅಪ್ಪ ಹೇಳಿಕೊಟ್ಟದ್ದೇ ಅದೊಂದು. ಕ್ಲಬ್ಬಿನವರ ಷರತ್ತೂ ಅದೇ ಹಳೆಯದು: ಮೈದಾನದ ಪಕ್ಕದ ಹಾಸ್ಟೆಲ್ಲಿನಲ್ಲಿ ಇರಬೇಕು.

"ಬಸ್ಸಲ್ಲಿ ಹೋಗಿ ಬಾ, ನಾನು ಹೋಗ್ತಿರಲಿಲ್ವಾ?" ಅಂದ ಮಾವ.

"ಹೋಗ್ತಿದ್ದೆ. ಇಟ್ಕೊಂಡ್ರಾ ನಿನ್ನ?" ಅಂದಳು ಪುಟ್ಟಿ.

ಅವಳು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಮಾವ ಆ ದಿನ ಅಂಗಡಿ ತೆಗೆಯಲಿಲ್ಲ. ಮರುದಿನ ತಾನೇ ಅವಳ ಟ್ರಂಕು ಹೊತ್ತು ಹೊರಟ. ನಾನೂ ಜೊತೆಗೆ ಹೋದೆ. ಹಾಸ್ಟೆಲ್ಲಿನಲ್ಲಿ ನೀರು ಬರುತ್ತದೆಯೇ, ಊಟ ಹೇಗೆ ಎಂದು ಅಪ್ಪಂದಿರು ಕೇಳುವ ಯಾವುದನ್ನೂ ಅವನು ಕೇಳಲಿಲ್ಲ. ನೇರ ರೂಮಿಗೆ ಹೋಗಿ ಕಿಟಕಿ ತೆರೆದ. ಎದುರಿಗೇ ಗೋಲ್‌ಪೋಸ್ಟು, ಬಲೆ ಸಮೇತ. ಮುಚ್ಚಿದ. ಆಮೇಲೆ ಮೂಲೆಯಲ್ಲಿದ್ದ ಕಬ್ಬಿಣದ ಬೀರುವನ್ನು ಕರ್ರೆಂದು ಎಳೆದು ತಂದು ಕಿಟಕಿಗೆ ಅಡ್ಡ ನಿಲ್ಲಿಸಿದ. ವಾರ್ಡನ್ ಓಡಿ ಬಂದು, "ಏನ್ರೀ ಇದು, ಗಾಳಿ ಬೆಳಕು ಬೇಡ್ವಾ ಮಗೂಗೆ?" ಎಂದರೆ, "ಗೆದ್ದ ದಿನ ಅವಳೇ ತಳ್ಕೋತಾಳೆ ಬುಡಿ ಮೇಡಂ," ಅಂದ.

ವಾಪಸ್ಸು ಬರುವಾಗ ಕಿಟಕಿ ಸೀಟು ನನಗೇ ಬಿಟ್ಟುಕೊಟ್ಟ.

ಈಚೆಗೆ ಒಂದು ಭಾನುವಾರ ಮಧುಗಿರಿಗೆ ಹೋಗಿದ್ದೆ. ಸಂಜೆ ಜಗಲಿಯ ಮೇಲೆ ಕೂತಿದ್ದೆವು. ಮಾವನ ಫೋನು ಬಡಿದುಕೊಂಡಿತು. ಪುಟ್ಟಿ. ಬರೀ ಬಿಕ್ಕುವ ಸದ್ದು. ಫೋನು ಸ್ಪೀಕರಿನಲ್ಲಿತ್ತು, ನನಗೂ ಕೇಳುತ್ತಿತ್ತು.

"ಎಷ್ಟು?" ಅಂದ ಮಾವ.

"ಐದು."

ಅವನು ನೆಟ್ಟಗೆ ಕೂತ. "ಸರಿ, ಬಸ್ಸು ಹತ್ಕೊ. ಕಿಟಕಿ ಸೀಟು ಸಿಕ್ತಾ?"

ಆ ಕಡೆಯಿಂದ ಮೂಗೆಳೆದ ಸದ್ದು. "ಹ್ಞೂಂ."

"ಕಂಡಕ್ಟರು ರೈಟ್ ಅಂದ. ಹೊರಟಿತು. ಅಳು, ಪರವಾಗಿಲ್ಲ, ಪಕ್ಕದಾಕೆ ನಿದ್ದೆ ಮಾಡ್ತಾವ್ಳೆ."

ಅವಳು ಅತ್ತಳು. ಇವನು ಸುಮ್ಮನಿದ್ದ, ಬಸ್ಸು ಓಡುವಷ್ಟು ಹೊತ್ತು. ಆಮೇಲೆ, "ನೆಲಮಂಗಲ," ಅಂದ. ಮತ್ತೆ ಅಷ್ಟು ಹೊತ್ತು. "ದಾಬಸ್‌ಪೇಟೆ. ಮೊದಲನೇ ಗೋಲು ಇಲ್ಲಿ ಇಳಿಸ್ಬುಡು. ಎಂಗಾಯ್ತು ಅದು?" ಅವಳು ಹೇಳಿದಳು. "ಹೋಗ್ಲಿ, ಅದು ನಿಂದಲ್ಲ, ಡಿಫೆಂಡರದು." ಬಸ್ಸು ಮತ್ತೆ ಓಡಿತು. "ಕೊರಟಗೆರೆ. ಗೊರವನಹಳ್ಳಿ ಗುಡಿಗೆ ಹೋಗೋ ಹೆಂಗಸ್ರೆಲ್ಲ ಇಳಿದ್ರು, ಬಸ್ಸು ಖಾಲಿ. ಎರಡನೇದು ಹೇಳು." ಹೇಳಿದಳು. "ಅದು ನಿಂದೇ. ಅದಕ್ಕೆ ಅಳು." ಅತ್ತಳು. ಬೀದಿದೀಪ ಹತ್ತಿಕೊಂಡಿತು. "ಬೆಟ್ಟ ಕಾಣ್ತೈತೆ ಪುಟ್ಟಿ. ಮೂಗು ಒರೆಸ್ಕೊ."

"ಅಪ್ಪಾ, ಇನ್ನೂ ಮೂರಿದಾವೆ."

"ಗೊತ್ತು. ಇಳೀಬ್ಯಾಡ, ಕೂತಿರು. ಪಾವಗಡ."

ಕೊನೆಗೆ ಇವನು ದನಿ ಬದಲಿಸಿ, ಪಾವಗಡದಲ್ಲಿ ಬಿಸಿ ಕಡ್ಲೆಕಾಯಿ ಮಾರುವವರ ತೆಲುಗಿನಲ್ಲಿ, "ಶೆನಕ್ಕಾಯಲಮ್ಮಾ, ವೇಡಿ ವೇಡಿ ಶೆನಕ್ಕಾಯಲೂ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಾಗ ಆ ಕಡೆ ಪುಟ್ಟಿ ನಕ್ಕಳು. ಮೂಗು ಕಟ್ಟಿದ ನಗು. "ಸಾಕು, ಇಳೀತೀನಪ್ಪ," ಎಂದು ಫೋನಿಟ್ಟಳು.

ಮಾವ ಫೋನಿನ ಗಾಜನ್ನು ಪಂಚೆಯ ಅಂಚಿಗೆ ಒರೆಸುತ್ತ ಕೂತ. ಒರೆಸಿದ್ದನ್ನೇ ಒರೆಸಿದ. ಒಳಗೆ, ನಡುಮನೆಯಲ್ಲಿ, ದೀಪ ಹಾಕಿರಲಿಲ್ಲ.

ಅತ್ತೆ ಹೋದ ಮೇಲೆ ಅವನು ಒಂದು ಸಲವಾದರೂ ಪಾವಗಡಕ್ಕೆ ಹೋಗಿಬಂದನೇ ಎಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ, ಹೋಗಿರಲೂಬಹುದು, ನನ್ನ ನೆನಪನ್ನು ಯಾರು ನಂಬುತ್ತಾರೆ? ಅದಕ್ಕೇ ಕೇಳಿದೆ.

"ಮಾವ, ನೀನೀಗ ಯಾವ ಊರಿಗೆ ಬಂದಿದ್ದೀಯ?"